ಹೆಚ್ಚಿದ ಬಳೆ, ಒಡೆದ ಬಳೆ

“ಒಡದ ಗಾಜೇನ್ರಿ, ಅವ್ವಾರ?” ರಾಣೇಬೆನ್ನೂರಿನ ಆ ಓಣಿಗೆ ಕಸದ ಗಾಡಿ ತರುವ ಪುಷ್ಪಾವತಿ ಕೈ ಚಾಚಿದಳು.

ಗುತ್ತೆವ್ವ ಬಳೆಚೂರಿನ ಮೊರವನ್ನು ಎದೆಗೆ ಒತ್ತಿಕೊಂಡಳು. “ಬಿಡ್ತು ಅನ್ನವಾ! ಬಳಿ ಒಡದಾವ ಅನಬಾರದು, ಹೆಚ್ಚ್ಯಾವ ಅನಬೇಕು.” ಹೆಚ್ಚಿದ ಬಳೆಗಳನ್ನು ಯಾರೂ ತುಳಿಯದಂತೆ ಹಿತ್ತಲಿನ ಬೇವಿನ ಬುಡದಲ್ಲಿ ಹುಗಿಯುತ್ತ ಬಂದವಳು ಅವಳು. ಮಣ್ಣಿಗೆ ಹಾಕಿದ್ದು ಮಣ್ಣಾಗುತ್ತದೆ ಎಂದುಕೊಂಡಿದ್ದಳು. ಇವತ್ತು ನಳದ ಪೈಪಿಗೆಂದು ಅಗೆಸಿದರೆ, ನಲವತ್ತು ವರ್ಷದ ಚೂರುಗಳೆಲ್ಲ ನಿನ್ನೆ ತೊಟ್ಟ ಹಾಗೆ ಹಸಿರಾಗಿ ಹೊಳೆಯುತ್ತಿದ್ದವು.

“ಸಾವಿರಾರು ವರ್ಷ ಆದ್ರೂ ಗಾಜು ಮಣ್ಣಾಗೂದಿಲ್ಲಂತ್ರಿ, ಟ್ರೇನಿಂಗಿನ್ಯಾಗ ಹೇಳ್ಯಾರ. ನಮಗ ಕೊಟ್ರ ಕರಗಿಸಿ ಹೊಸಾ ಗಾಜು ಮಾಡ್ತಾರ. ಹೆಚ್ಚಿದ್ದೆಲ್ಲಾ ಇದರಾಗ ಹಾಕ್ರಿ,” ಎಂದು ಪುಷ್ಪಾವತಿ ಬಕೆಟ್ ಮುಂದಿಟ್ಟಳು.

ಗುತ್ತೆವ್ವ ಚೂರುಗಳಲ್ಲಿ ಬೆರಳಾಡಿಸಿದಳು. ಗಂಡ ತೀರಿಕೊಂಡ ದಿನ ಹೆಂಗಸರು ಅವಳ ಕೈಹಿಡಿದು ಕುಟ್ಟಿದ ಬಳೆಗಳೂ ಇದರಲ್ಲೇ ಇದ್ದವು. ಅಂದು ಯಾರ ಬಾಯಲ್ಲೂ ‘ಹೆಚ್ಚಿದವು’ ಎಂಬ ಮಾತು ಬರಲಿಲ್ಲ. ಆ ಚೂರುಗಳನ್ನೂ ತಾನೇ ಆರಿಸಿ ತಂದು ಅದೇ ಬುಡದಲ್ಲಿ ಹುಗಿದಿದ್ದಳು. ಈಗ ಎಷ್ಟು ತಿರುವಿ ನೋಡಿದರೂ ಅವುಗಳ ಗುರುತು ಹತ್ತಲಿಲ್ಲ.

“ಹೆಚ್ಚಿದ್ವು ಯಾವು, ಒಡದ್ವು ಯಾವು, ನನಗ ತಿಳೀವಲ್ದವಾ,” ಎಂದಳು.

ಪುಷ್ಪಾವತಿಯ ಕಣ್ಣು ಅವಳ ಬರಿಗೈ ಮೇಲೆ ಒಂದು ಗಳಿಗೆ ನಿಂತಿತು.

“ನಾವು ಬಣ್ಣ ಅಷ್ಟ ನೋಡಿ ಬ್ಯಾರೆ ಮಾಡ್ತೇವ್ರಿ, ಅವ್ವಾರ. ಇವೆಲ್ಲಾ ಹಸರ ಅದಾವ.”

ಗುತ್ತೆವ್ವ ಮೊರ ಬಗ್ಗಿಸಿದಳು.