ತವಾ ಮೇಲಿನ ಡಬ್ಬಿ

ಗಡಿಗೆ ವಾಪಸ್ ಹೊರಟ ಮಗನ ತೋಳಿಗೆ ರಕ್ಷೆಯಾಗಿ ಕಟ್ಟಬೇಕಿದ್ದ ನಾಣ್ಯದ ಗಂಟನ್ನು ದಿಲ್ಷಾದ್ ಬೇಗಂ ಕೈಯಲ್ಲೇ ಹಿಡಿದು ನಿಂತರು. “ಮೊದ್ಲು ಹೇಳು. ನೆಲದಾಗ ಹುಗಿದಿಟ್ಟ ಬಾಂಬ್ ಸಿಡಿದ್ರೆ ಟ್ಯಾಂಕಿಗೆ ಏನಾಗ್ತೈತೆ?”

ಮುದಸ್ಸಿರ್ ರೊಟ್ಟಿ ತವಾ ನೆಲಕ್ಕಿಟ್ಟು, ಅದರ ಮೇಲೊಂದು ಡಬ್ಬಿ ಇಟ್ಟು ಟ್ಯಾಂಕ್ ಮಾಡಿದ. “ಚೈನು ಹರೀತೈತೆ, ಅಷ್ಟೇ ಅಮ್ಮೀ. ತಳ ದಪ್ಪ ಉಕ್ಕು.”

“ಉಕ್ಕಿನ ಕತೆ ಬ್ಯಾಡ. ನೀ ಕುಂದ್ರೋದು ಎಲ್ಲಿ, ತೋರ್ಸು.”

ಅವನ ಬೆರಳು ತವಾದ ಮುಂಭಾಗದತ್ತ ಹೋಗಿ ಗಾಳಿಯಲ್ಲೇ ನಿಂತಿತು. ಟ್ಯಾಂಕ್ ಓಡಿಸುವ ಅವನು ಕೂರುವುದು ಅಲ್ಲೇ, ತಳಕ್ಕೆ ಅಂಟಿಕೊಂಡು. ಅದನ್ನವನು ಹೆಂಡತಿ ತಸ್ಲೀಮ್‌ಗೆ ಮಾತ್ರ ಹೇಳಿದ್ದ.

ತಸ್ಲೀಮ್ ಬಗ್ಗಿ ಡಬ್ಬಿಯ ಮುಚ್ಚಳ ತಟ್ಟಿದಳು. “ಇಲ್ಲಿ ಅಮ್ಮೀ, ಎಲ್ಲಾರ್ಗಿಂತ ಮ್ಯಾಲೆ. ನಿಮ್ಮ ಮಗ ನವಾಬ ಅಲ್ಲೇನ್ರಿ?”

ಅತ್ತೆ ನಕ್ಕು ಗಂಟು ಬಿಗಿದರು. ತಸ್ಲೀಮ್ ಗಂಡನ ಮುಖ ನೋಡಲೇ ಇಲ್ಲ.