ಬಾಗಿಲಲ್ಲಿ ಆಕೆಯ ದನಿ

ಹುಬ್ಬಳ್ಳಿಯಲ್ಲಿ ಹೊಲಿಗೆ ಮಾಡುವ ರುದ್ರವ್ವನ ಕಂಪ್ಯೂಟರ್ ಜೊತೆಗೇ ಬಾಗಿಲು ಕಾಯುವ ತಂತ್ರಾಂಶವೂ ಬಂದಿತ್ತು. ಎಲ್ಲರ ಮನೆಯಂತೆ ಅಲ್ಲೂ ಅದು ಮನೆಯವರ ದನಿಯಲ್ಲೇ ಬಂದವರೊಡನೆ ಮಾತಾಡುತ್ತಿತ್ತು. ಅದರ ಅಪ್‌ಡೇಟ್ ಶುರುವಾದರೆ ಅರ್ಧ ಗಂಟೆ ಬಾಗಿಲು ತೆರೆಯುತ್ತಿರಲಿಲ್ಲ, ಬಂದವರಿಗೆ ಉತ್ತರಿಸುವುದು ಮಾತ್ರ ನಿಲ್ಲುತ್ತಿರಲಿಲ್ಲ. ಆಗೆಲ್ಲ ಆಕೆ ನಿಶ್ಚಿಂತೆಯಿಂದ ಗುಂಡಿ ಹಚ್ಚುತ್ತ ಕೂರುತ್ತಿದ್ದಳು.

ಅಂದೂ ಹಾಗೇ ಕೂತಿದ್ದಾಗ ಹೊರಗಿನಿಂದ ಕೇಳಿತು: "ಅಕ್ಕಾ, ನಾ ಶಿವಪುತ್ರ."

ಆರು ವರ್ಷದ ಹಿಂದೆ ಜಗಳವಾಡಿ ಹೋದ ತಮ್ಮ! ರುದ್ರವ್ವ ಓಡಿದಳು. ಬಾಗಿಲು ಅಲುಗಲಿಲ್ಲ.

"ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ," ಎಂದಿತು ಹೊರಗೆ ಆಕೆಯದೇ ದನಿ. ಜಗಳದ ದಿನ ಸಿಟ್ಟಿನಲ್ಲಿ ಆಕೆ ಆಡಿದ್ದ ಮಾತನ್ನು ಕಂಪ್ಯೂಟರ್ ಮರೆತಿರಲಿಲ್ಲ.

"ಅದು ನಾ ಅಲ್ಲೋ ತಮ್ಮಾ, ನಿಂದ್ರೋ!" ಎಂದು ಆಕೆ ಬಾಗಿಲು ಬಡಿದಳು. ಹೊರಗಿನ ಮಾತು ಒಳಗೆ ಕೇಳುತ್ತಿತ್ತು, ಒಳಗಿನ ಕೂಗು ಹೊರಗೆ ಹೋಗುತ್ತಿರಲಿಲ್ಲ.

"ಸಿಟ್ಟಾಗಬ್ಯಾಡವಾ, ಹೊಂಟೆ. ನನ್ನ ಮಗಳಿಗೆ ನಿನ್ನ ಹೆಸರ ಇಟ್ಟೀನಿ. ಅಷ್ಟ ಹೇಳಾಕ ಬಂದಿದ್ದೆ."

ರುದ್ರವ್ವ ಬಾಗಿಲಿಗೆ ಕಿವಿ ಹಚ್ಚಿದಳು.

"ಆತು. ನಡಿ ಇನ್ನ," ಎಂದಿತು ಹೊರಗೆ ಆಕೆಯ ದನಿ.

ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅವನು ಈಗ ಯಾವ ಊರಲ್ಲಿದ್ದಾನೆಂಬುದೂ ರುದ್ರವ್ವನಿಗೆ ಗೊತ್ತಿರಲಿಲ್ಲ.