ನಾಲ್ಕು ಬೆರಳ ಸಂದಿ

ಕೇಬಲ್‌ನವನು ಮಗಳ ಕೋಣೆಯ ಬಾಗಿಲ ಸಂದಿಯಿಂದ ಇಂಟರ್ನೆಟ್ ವೈರನ್ನು ಸರ್ರನೆ ಎಳೆದುಕೊಂಡಾಗ ತಾಯಿಯ ಎದೆ ಹಗುರಾಯಿತು. ಮಗಳು ಕಾಲೇಜು ಬಿಟ್ಟು ಆನ್‌ಲೈನ್ ಆಟಕ್ಕೆ ಅಂಟಿಕೊಂಡಾಗಿನಿಂದ ಆ ಹಾಳು ವೈರಿನ ದೆಸೆಯಿಂದ ಬಾಗಿಲು ನಾಲ್ಕು ಬೆರಳಷ್ಟು ತೆರೆದೇ ಇರುತ್ತಿತ್ತು. ಎಡವಿದಾಗಲೆಲ್ಲ ತಾಯಿ ಅದಕ್ಕೆ ಶಾಪ ಹಾಕುತ್ತಿದ್ದಳು. ಆ ಸಂದಿಯಲ್ಲೇ ಮಗಳ ಬೆನ್ನು ನೋಡಿ "ಉಂಡ್ಯೇನೇ?" ಎನ್ನುತ್ತಿದ್ದಳು. "ಹ್ಞೂಂ" ಎಂಬುದೊಂದು ಬರುತ್ತಿತ್ತು.

ವೈರ್‌ಲೆಸ್ ಆದರೆ ಮನೆಯಲ್ಲಿ ಎಲ್ಲಿ ಬೇಕಾದರೂ ಕೂತು ಆಡಬಹುದಂತೆ. ಅದಕ್ಕೇ ತಾಯಿ ಹಾಲ್‌ನಲ್ಲಿ ತನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಕುರ್ಚಿಯಿಂದ ಬಟ್ಟೆಯ ರಾಶಿ ತೆಗೆದು, ದಿಂಬು ಇಟ್ಟಿದ್ದಳು.

ಮಗಳು ಕೋಣೆಯಲ್ಲೇ ಒಂದು ಆಟ ಆಡಿ ನೋಡಿದಳು. "ಸೂಪರಾಗಿ ಬರ್ತಿದೆ ಕಣಮ್ಮಾ!" ಎಷ್ಟೋ ದಿನದ ಮೇಲೆ ನಕ್ಕಳು ಕೂಡ. ಇಲ್ಲೇ ಬಂದು ಕೂತ್ಕೊಳ್ಳೇ ಎನ್ನಲು ತಾಯಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಕೇಬಲ್‌ನವನು ವೈರು ಸುರುಳಿ ಸುತ್ತುತ್ತಿದ್ದ. "ಅದನ್ನ ಮತ್ತೆ ಹಾಕ್ಬಿಡಪ್ಪಾ" ಎಂದಳು ತಾಯಿ.

"ಯಾಕಮ್ಮಾ, ಯೋಚ್ನೆ ಮಾಡ್ಬೇಡಿ" ಎಂದು ಅವನು ನಕ್ಕ. "ಬಾಗಿಲು ಹಾಕಿದ್ರೂ ಸಿಗ್ನಲ್ಲಿಗೇನೂ ತೊಂದ್ರೆ ಇಲ್ಲ."